ಡೋರ್ಕಸಳ ಮೂರನೆಯ ಪಾಲು

ಗಂಡನನ್ನು ಮಣ್ಣು ಮಾಡಿದ ವಾರದಲ್ಲೇ ಒಂದು ಬೆಳಿಗ್ಗೆ ಡೋರ್ಕಸ್ ಅಡುಗೆಮನೆಗೆ ಬಂದಾಗ ಒಲೆಯ ಮೇಲಿನ ಕೊಕ್ಕೆಯಲ್ಲಿ ಬೇರೆ ಪಾತ್ರೆ ತೂಗುತ್ತಿತ್ತು.

ಹೊಚ್ಚ ಹೊಸದು. ಸೊಸೆ ಕೆಜಿಯಾ ಮದುವೆಯಲ್ಲಿ ತವರಿನಿಂದ ತಂದು, ಮೂರು ವರ್ಷ ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದ ಪಾತ್ರೆ. ಅದರಲ್ಲಿ ಮೆಕ್ಕೆಜೋಳದ ಅಂಬಲಿ ಕೊತಕೊತ ಕುದಿಯುತ್ತಿತ್ತು. ಕೆಜಿಯಾ ಬೆನ್ನು ತಿರುಗಿಸಿಕೊಂಡು ಕೈಯಾಡಿಸುತ್ತಿದ್ದಳು.

"ನನ್ನ ಪಾತ್ರೆ ಎಲ್ಲೇ?"

"ಹೊರಗಿಟ್ಟಿದ್ದೀನಿ ಅತ್ತೆ. ತಳ ಸೋರ್ತಿತ್ತು."

"ನಿನ್ನೆ ಸೋರ್ತಿರಲಿಲ್ಲ."

"ಇವತ್ತು ಸೋರ್ತು."

ಡೋರ್ಕಸ್ ಹಿಂಬಾಗಿಲು ತೆರೆದು ನೋಡಿದಳು. ಅಂಗಳದ ಮೂಲೆಯಲ್ಲಿ, ಹಂದಿಗಳ ಬೇಲಿಯ ಒಳಗೆ, ಅವಳ ಕಬ್ಬಿಣದ ಪಾತ್ರೆ ಮೂರು ಕಾಲೂರಿ ನಿಂತಿತ್ತು. ಅದರ ತುಂಬ ಮುಸುರೆ. ದೊಡ್ಡ ಹೆಣ್ಣುಹಂದಿ ಕಿವಿಯವರೆಗೂ ಮೂತಿ ತೂರಿಸಿ ಚಪ್ಪರಿಸುತ್ತಿತ್ತು.

"ಹಂದಿಗೆ ಮಾತ್ರ ಸೋರಲ್ವಾ?"

"ಹಂದಿ ದೂರು ಹೇಳಲ್ಲ ಅತ್ತೆ," ಎಂದಳು ಕೆಜಿಯಾ, ತಿರುಗಿ ನೋಡದೆ.

ಮೇಜಿನ ಬಳಿ ಕೂತಿದ್ದ ಮಗ ಜೋತಮನಿಗೆ ನಗು ಬಂತು. ತಾಯಿಯ ಮುಖ ನೋಡಿದ ಮೇಲೆ ತಟ್ಟೆಯೊಳಗೆ ಹುಡುಕುವಂಥದ್ದೇನೋ ಇದ್ದವನ ಹಾಗೆ ತಲೆ ಬಗ್ಗಿಸಿದ. ಮಗಳು ಟ್ಯಾಮ್ಸಿನ್ ಎದ್ದು ಹೊರಗೆ ಹೊರಟಳು.

"ಎಲ್ಲಿಗೆ?"

"ಪಾತ್ರೆ ತರ್ತೀನಿ ಅಮ್ಮ."

"ಬೇಡ, ಕೂತ್ಕೋ. ಅದು ಅಲ್ಲೇ ಇರಲಿ," ಎಂದಳು ಡೋರ್ಕಸ್. "ನನ್ನ ಕಣ್ಣಿಗೆ ದಿನಾ ಬೀಳಲಿ."

ಆ ಪಾತ್ರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಅವಳ ಎರಡು ಮೊಣಕಾಲುಗಳ ನಡುವೆ ಕೂತು ಬಂದಿತ್ತು. ಹೊಸ ನಾಡಿನ ಕಡಲತೀರದಿಂದ ಕಾಡಿನೊಳಗೆ ಹನ್ನೆರಡು ಸಂಸಾರಗಳು ದನಗಳನ್ನು ಹೊಡೆದುಕೊಂಡು ನಡೆದು ಬಂದು ಈ ಎಲಿಮ್ ಊರು ಕಟ್ಟಿದಾಗ, ಅವಳ ಬೆನ್ನ ಮೇಲೆ ಬಂದಿತ್ತು. ಇಲ್ಲಿ ಮೊದಲಿನಿಂದ ಬಿತ್ತಿ ಬೆಳೆಯುತ್ತಿದ್ದ ಮೂಲನಿವಾಸಿಗಳಲ್ಲಿ ಅರ್ಧಕ್ಕರ್ಧ ಮಂದಿ ಸಿಡುಬಿನಲ್ಲಿ ಹೋಗಿದ್ದರು. ಉಳಿದವರು ಕಾಡಿನಂಚಿನಲ್ಲಿ ನಿಂತು ಹೊಸಬರನ್ನು ಸುಮ್ಮನೆ ನೋಡುತ್ತಿದ್ದರು. ಮನೆ ಕಟ್ಟುವಷ್ಟರಲ್ಲಿ ಹಿಮ ಬಿತ್ತು. ಗುಡ್ಡದ ಬದಿಗೆ ಗುಂಡಿ ತೋಡಿ, ಮೇಲೆ ಮರದ ತೊಗಟೆ ಹೊದಿಸಿ, ಆ ಚಳಿಗಾಲವಿಡೀ ಎಲ್ಲರೂ ನೆಲದೊಳಗೆ ಬದುಕಿದರು. ಎಲ್ಲರೂ ಬದುಕಲಿಲ್ಲ. ಡೋರ್ಕಸಳ ಚೊಚ್ಚಲ ಮಗು ಆ ಗುಂಡಿಯಲ್ಲೇ ಹುಟ್ಟಿ, ಹಾಲು ಸಾಲದೆ ಅಲ್ಲೇ ತೀರಿಕೊಂಡಿತು. ನೆಲ ಕಲ್ಲಾಗಿತ್ತು. ಗುದ್ದಲಿ ಇಳಿಯಲಿಲ್ಲ. ಇದೇ ಪಾತ್ರೆಯಲ್ಲಿ ಕೆಂಡ ಹೊತ್ತು ಹೊತ್ತು ತಂದು ಸುರಿದು ಅವಳು ನೆಲ ಮೆತ್ತಗಾಗಿಸಿದಳು. ಗಂಡ ಗಿಡಿಯನ್ ತೋಡಿದ.

ಎಷ್ಟು ಜನ ಸತ್ತರೆಂದು ಕಾಡಿನಂಚಿನಿಂದ ನೋಡುವವರಿಗೆ ಲೆಕ್ಕ ಸಿಗಬಾರದೆಂದು ಹಿರಿಯರು ಕಟ್ಟುಪಾಡು ಮಾಡಿದ್ದರು. ಸಮಾಧಿಗಳ ಮೇಲೆ ಕಲ್ಲಿಡುವಂತಿಲ್ಲ, ಮಣ್ಣು ಸಮ ಮಾಡಿ ವಸಂತದಲ್ಲಿ ಮೇಲೆ ಜೋಳ ಬಿತ್ತಬೇಕು, ಜಾಗ ಯಾರಿಗೂ ಹೇಳಬಾರದು. ಹೇಳದೆ ಹೇಳದೆ ಅದೇ ಅಭ್ಯಾಸವಾಯಿತು. ಎರಡು ವರ್ಷದ ಮೇಲೆ ಹುಟ್ಟಿದ ಜೋತಮನನ್ನು ಊರು ಇವತ್ತಿಗೂ ಎಲಿಮ್‌ನ ಮೊದಲ ಮಗು ಎಂದೇ ಕರೆಯುತ್ತಿತ್ತು. ಕೆಜಿಯಾ ತವರಿನವರ ಮುಂದೆ ಅದನ್ನೇ ಹೇಳಿ ಮೆರೆಯುತ್ತಿದ್ದಳು. ಡೋರ್ಕಸಳೂ ಗಿಡಿಯನ್ನನೂ ತಿದ್ದಿರಲಿಲ್ಲ. ಮನೆಯ ಹಿಂದಿನ ಆ ಗುಡ್ಡದ ಬದಿಯಲ್ಲಿ, ಕುಸಿದ ಗುಂಡಿಯ ಕೆಳಗೆ, ಇಬ್ಬರೂ ಸೇರಿ ಪ್ರತಿ ವರ್ಷ ಒಂದು ಕೈಯಗಲ ಜೋಳ ಬಿತ್ತುತ್ತಿದ್ದರು. ಅಷ್ಟು ಚಿಕ್ಕ ತುಣುಕಿನಲ್ಲಿ ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಈಗ ಆ ಜಾಗ ಬಲ್ಲವಳು ಅವಳೊಬ್ಬಳೇ.

*

ಗಿಡಿಯನ್ನನ ಉಯಿಲಿನಲ್ಲಿ ಮನೆ, ಹೊಲ ಎಲ್ಲ ಜೋತಮನಿಗೆ. ಡೋರ್ಕಸಳಿಗೆ ಪೂರ್ವದ ಕೋಣೆ, ಒಂದು ಹಸುವಿನ ಹಾಲು, ಮಗನ ಒಲೆಯ ಬಳಿ ಕೂರಲು ಒಂದು ಜಾಗ. ಅದೂ ಅವಳು ಮತ್ತೆ ಮದುವೆಯಾಗದೆ ಇರುವವರೆಗೆ. ಊರಿನ ಗಂಡಸರೆಲ್ಲ ಬರೆಸುವುದು ಹೀಗೆಯೇ. ಗಿಡಿಯನ್ ಕೆಟ್ಟವನಾಗಿರಲಿಲ್ಲ. ಸಾಯುವ ಹೊತ್ತಿಗೆ ಅವನ ಕಣ್ಣೆದುರು ಇದ್ದದ್ದು ಅತ್ತೆಯ ಕೈಗೆ ನೀರು ಹಾಕುವ ಸೊಸೆ. ಪಾತ್ರೆಯನ್ನು ಹಂದಿಗಿಟ್ಟ ಸೊಸೆಯನ್ನು ಅವನು ನೋಡಲೇ ಇಲ್ಲ.

ಮೇಜಿನಲ್ಲಿ ಅವಳ ಜಾಗ ಕೆಳಗಿಳಿಯಿತು. ಅವಳ ತವರಲೋಹದ ತಟ್ಟೆ ಕೆಜಿಯಾಳ ಮುಂದೆ ಹೋಗಿ, ಡೋರ್ಕಸಳೂ ಟ್ಯಾಮ್ಸಿನ್‌ಳೂ ಒಂದೇ ಮರದ ತಟ್ಟೆಯಲ್ಲಿ ತಿನ್ನುವಂತಾಯಿತು. ಸಬ್ಬತ್ ದಿನ ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಸಾಲಿನ ಅವಳ ಬೆಂಚಿನ ಮೇಲೆ ಕೆಜಿಯಾ ಕೂತಳು. ಡೋರ್ಕಸಳಿಗೆ ಬಾಗಿಲ ಬಳಿ, ಗಾಳಿಗೆ, ವಿಧವೆಯರ ಸಾಲು.

"ಹಿರಿಯರೇ ಕೂರಿಸಿದ್ದು ಅತ್ತೆ. ಬೆಂಚು ಮನೆ ಯಜಮಾನಿಗೆ ಅಂತೆ," ಎಂದಳು ಕೆಜಿಯಾ. ಅವಳಪ್ಪನೇ ಸಭೆಯ ಹಿರಿಯ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಪೀಪಾಯಿ ಕಟ್ಟುವ ಪೆಲೆಗ್ ಊಟಕ್ಕೆ ಬಂದ. ಹೆಂಡತಿ ಸತ್ತು ಎರಡು ಚಳಿಗಾಲ ಕಳೆದವನು, ಅಗಲ ಎದೆ, ದೊಡ್ಡ ದನಿ. ಯಾಕೆ ಬಂದನೆಂದು ಯಾರೂ ಹೇಳಲಿಲ್ಲ. ಕೆಜಿಯಾ ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಕಾಳನ್ನು ಅವನಿಗೆ ರಾಶಿ ಬಡಿಸಿದಳು.

"ಚೆನ್ನಾಗಿದೆ. ಇದು ಅತ್ತೆ ಕೈ ಅಡುಗೆನಾ?"

"ನನ್ನದು," ಎಂದಳು ಕೆಜಿಯಾ.

"ಮತ್ತೆ ಇವರ ಕೈದು ಯಾವುದು?"

"ಉಪ್ಪು," ಎಂದಳು ಡೋರ್ಕಸ್. "ಕೇಳಿದ್ರೆ ಮಾತ್ರ."

ಊಟವಾದ ಮೇಲೆ ಕೆಜಿಯಾ ಎಲ್ಲರನ್ನೂ ಒಂದೊಂದು ನೆಪ ಹೇಳಿ ಎಬ್ಬಿಸಿದಳು. ಪೆಲೆಗನೂ ಡೋರ್ಕಸಳೂ ಹೊಸಿಲ ಬಳಿ ಉಳಿದರು. ಅವನು ಗಂಟಲು ಸರಿಮಾಡಿಕೊಂಡ.

"ನೋಡಮ್ಮ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ನನಗೆ ಬೇಯಿಸಿ ಹಾಕೋರು ಬೇಕು. ನಿನಗೆ ಒಂದು ಮನೆ ಬೇಕಂತೆ."

"ಯಾರು ಹೇಳಿದ್ದು?"

"ನಿನ್ನ ಸೊಸೆ. ನೀನೇ ಅಂದ್ಯಂತೆ."

"ಮತ್ತೇನಂದೆನಂತೆ?"

"ನೀನು ಬೇರೇನೂ ಅಂದಿಲ್ಲ. ಪೂರ್ವದ ಕೋಣೆ ಖಾಲಿಯಾದ್ರೆ ಅವಳು ಅಲ್ಲಿ ಮಗ್ಗ ಹಾಕಿಸ್ತಾಳಂತೆ."

ಗಂಡ ಸತ್ತ ಮೇಲೆ ಮೊದಲ ಸಲ ಡೋರ್ಕಸ್ ನಕ್ಕಳು. ಪೆಲೆಗನಿಗೆ ಧೈರ್ಯ ಬಂತು.

"ನಗು ಚೆನ್ನಾಗಿದೆ ನಿಂದು. ನಮ್ಮಕ್ಕನ ಥರ ಮೋರೆ ಗಂಟು ಹಾಕ್ಕೊಂಡಿಲ್ಲ. ಅವಳು ಗಂಡನ ಉಯಿಲು ಒಲ್ಲೆ ಅಂದುಬಿಟ್ಲು. ಕಾನೂನು ಕೊಡೋ ಮೂರನೇ ಪಾಲೇ ಬೇಕು ಅಂತ ಹಟ ಹಿಡಿದು, ಪಾಲು ಹಾಕೋ ಮೂರು ಜನರನ್ನ ಕರೆಸಿ, ಮನೆ ಮಧ್ಯೆ ಗೆರೆ ಎಳೆಸಿದ್ಲು."

"ಗೆರೆನಾ?"

"ಸೀಮೆಸುಣ್ಣದ ಗೆರೆ. ಈ ಕಡೆ ಅವಳು, ಆ ಕಡೆ ಮಗ."

"ಉಯಿಲು ಒಲ್ಲೆ ಅನ್ನಬಹುದಾ?"

"ಅನ್ನಬಹುದು. ಸಾಯೋವರೆಗೂ ಆ ಪಾಲು ಅವಳದ್ದೇ. ಮದುವೆ ಆದ್ರೂ ಯಾರೂ ಎಬ್ಬಿಸೋ ಹಾಗಿಲ್ಲ. ಹೆಣ್ಣಿಗೆ ಅಷ್ಟು ಹಟ ಒಳ್ಳೇದಲ್ಲ ಅಂತ ನಾನೇ ಹೇಳಿದೆ."

ಡೋರ್ಕಸ್ ಎದ್ದು ನಿಂತಳು. "ಪೆಲೆಗ್, ಇನ್ನೊಂದು ಸ್ವಲ್ಪ ಬೀನ್ಸ್ ತಿಂತೀಯಾ?" ಎಂದು ಕೇಳಿ, ಸೊಸೆಯ ಹೊಸ ಪಾತ್ರೆಯನ್ನು ತಳ ಕಾಣುವವರೆಗೆ ಕೆರೆದು ಅವನ ತಟ್ಟೆಗೆ ಸುರಿದಳು.

*

"ಅಪ್ಪನ ಮಾತು ಮೀರ್ತೀಯಾ ನೀನು?" ಜೋತಮ್ ಮೇಜು ಗುದ್ದಿದ. ಉಪ್ಪಿನ ಬಟ್ಟಲು ಎಗರಿತು.

"ನಿಮ್ಮಪ್ಪನ ಮಾತು ನಿನ್ನ ಹೆಂಡ್ತಿ ಮೀರಿದ ಮೇಲೇ ನಾನು ಮೀರಿದ್ದು. ಒಲೆ ಹತ್ರ ಒಂದು ಜಾಗ ಅಂತ ಬರೆಸಿದ್ದ. ಜಾಗ ಎಲ್ಲಿ? ನನ್ನ ಸ್ಟೂಲ್ ಮೇಲೆ ಅವಳ ಹತ್ತಿ ಬುಟ್ಟಿ ಕೂತಿದೆ."

"ಬುಟ್ಟಿ ತೆಗೀತೀನಿ ಬಿಡಿ ಅತ್ತೆ," ಎಂದಳು ಕೆಜಿಯಾ.

"ಈಗ ಇರಲಿ ಬಿಡು. ಮೂರು ಜನ ಬರ್ತಾರೆ. ಬುಟ್ಟಿ ಯಾರ ಪಾಲಿಗೆ ಬರುತ್ತೋ ಅವರೇ ಹೇಳ್ತಾರೆ."

"ಊರು ನಗುತ್ತೆ ಅಮ್ಮ."

"ನನ್ನ ಪಾತ್ರೇಲಿ ಹಂದಿ ಉಂಡಾಗ ನೀನು ನಕ್ಕೆಯಲ್ಲ, ಊರೂ ನಗಲಿ."

ಮೂರು ಜನ ಬಂದರು. ಮುಂದಾಳು ಎಲ್ನೇಥನ್. ಬೇಲಿ, ಗಡಿಗಳ ತಕರಾರು ಬಿಡಿಸುವ ಮುದುಕ. ಮೊದಲ ಚಳಿಗಾಲ ನೆಲದೊಳಗೆ ಬದುಕಿದವರಲ್ಲಿ ಇನ್ನೂ ಉಸಿರಾಡುತ್ತಿದ್ದ ಕೆಲವರಲ್ಲಿ ಒಬ್ಬ. ಹೊಲದ ಪಾಲು ತಕರಾರಿಲ್ಲದೆ ಮುಗಿಯಿತು. ಅಳತೆಕೋಲು ಹಿಡಿದು ಮನೆಯೊಳಗೆ ಬಂದಾಗ ತೊಡಕು ಶುರುವಾಯಿತು. ಮನೆಗೆ ಇದ್ದದ್ದು ಒಂದೇ ಒಲೆ, ಒಂದೇ ಹೊಗೆಗೂಡು.

"ಎರಡು ಥರ ಮಾಡಬಹುದು ಅಕ್ಕ," ಎಂದ ಎಲ್ನೇಥನ್. "ಪೂರ್ವದ ಕೋಣೆ, ಅದರ ಹಿಂದಿನ ಗುಡ್ಡದ ಬದಿ, ಇದು ಒಂದು ಪಾಲು. ಇಲ್ಲಾಂದ್ರೆ ಅಡುಗೆಮನೆಯ ಈ ಅರ್ಧ, ಒಲೆ ಸಮೇತ. ಒಲೆ ತಗೊಂಡ್ರೆ ಗುಡ್ಡ ಬರಲ್ಲ. ಮೂರನೇ ಒಂದು ಅಂದ್ರೆ ಮೂರನೇ ಒಂದೇ."

ಡೋರ್ಕಸ್ ಹೊರಗೆ ನೋಡಿದಳು. ಕಿಟಕಿಯಿಂದ ಗುಡ್ಡದ ಬದಿ ಕಾಣುತ್ತಿತ್ತು. ಕುಸಿದ ಗುಂಡಿ, ಮೇಲ್ತುದಿಯಲ್ಲಿ ಕಾಡುದ್ರಾಕ್ಷಿಯ ಬಳ್ಳಿ, ಕೆಳತುದಿಯಲ್ಲಿ ತೆನೆ ಬಲಿಯುತ್ತಿದ್ದ ಹತ್ತಾರು ಜೋಳದ ದಂಟು.

"ನಿಧಾನಕ್ಕೆ ಯೋಚಿಸು," ಎಂದ ಎಲ್ನೇಥನ್. "ನಾವೆಲ್ಲ ಅಲ್ಲಿಂದಲೇ ಎದ್ದು ಬಂದೋರು." ಅವನ ದನಿ ತಗ್ಗಿತು. ಅವನದ್ದೂ ಒಂದು ಜಾಗ ಇತ್ತು, ಅವನ ಹೊಲದಲ್ಲೆಲ್ಲೋ. ಡೋರ್ಕಸಳಿಗೆ ಎಲ್ಲಿಯೆಂದು ಗೊತ್ತಿರಲಿಲ್ಲ.

ಅವಳ ಬಾಯಿಗೆ ಗುಡ್ಡ ಎಂಬ ಮಾತು ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಕೆಜಿಯಾ, "ಅತ್ತೆಗೆ ಪೂರ್ವದ ಕೋಣೇನೇ ಸರಿ ಬಿಡಿ. ವಯಸ್ಸಾದೋರು, ಒಲೆ ಹತ್ರ ಯಾಕೆ ಬೇಯ್ಬೇಕು? ನಾನು ಒಂದು ತಟ್ಟೆ ಕಳಿಸ್ತೀನಿ," ಎಂದಳು.

"ಒಲೆ," ಎಂದಳು ಡೋರ್ಕಸ್.

ಎಲ್ನೇಥನ್ ಅವಳ ಮುಖ ನೋಡಿದ.

"ಒಲೆ," ಎಂದಳು ಇನ್ನೊಮ್ಮೆ. "ಗೆರೆ ಎಳಿ."

*

ಅಂದೇ ಟ್ಯಾಮ್ಸಿನ್ ಪಾತ್ರೆ ತಂದಳು. ಡೋರ್ಕಸ್ ಮರಳು ಹಾಕಿ ಉಜ್ಜಿ, ಮೂರು ನೀರಿನಲ್ಲಿ ಕುದಿಸಿ ಕೊಕ್ಕೆಗೆ ಏರಿಸಿದಳು. ಕೆಜಿಯಾಳ ಪಾತ್ರೆಯನ್ನು ಬಿಳಿಯ ಗೆರೆಯಾಚೆ ಮೆಲ್ಲಗೆ ಇಟ್ಟಳು.

"ನಾವೆಲ್ಲಿ ಬೇಯಿಸೋದು?"

"ನಿಮ್ಮ ಎರಡು ಪಾಲಿನಲ್ಲಿ."

"ಅಲ್ಲಿ ಒಲೆ ಎಲ್ಲಿದೆ?"

"ಅದನ್ನ ನನ್ನ ಕೇಳ್ತೀಯಲ್ಲ! ಹಂದಿ ಬೇಲಿ ಹತ್ರ ಜಾಗ ಖಾಲಿ ಇದೆ ನೋಡು."

ಕೆಜಿಯಾ ಅಂಗಳದಲ್ಲಿ ಮೂರು ಕಲ್ಲು ಹೂಡಿದಳು. ಅಕ್ಟೋಬರಿನ ಗಾಳಿಗೆ ಹೊಗೆ ಅವಳ ಕಣ್ಣಿಗೇ ತಿರುಗುತ್ತಿತ್ತು. ಬೀನ್ಸ್ ಒಂದು ಮಗ್ಗುಲು ಸೀದು ಇನ್ನೊಂದು ಮಗ್ಗುಲು ಹಸಿಯಿರುತ್ತಿತ್ತು. ರೊಟ್ಟಿ ಸುಡಲು ಹಿಟ್ಟಿನ ಬುಟ್ಟಿ ಹೊತ್ತು ನೆರೆಮನೆಗೆ ಹೋಗಬೇಕು. ನೆರೆಯವರು ಸುಟ್ಟುಕೊಟ್ಟರು, ಸುಟ್ಟದ್ದಕ್ಕೆ ಒಂದು ರೊಟ್ಟಿ ಇಟ್ಟುಕೊಂಡರು, ಊರೆಲ್ಲ ಹೇಳಿಕೊಂಡೂ ಬಂದರು. ಗೆರೆಯ ಈಚೆ ಡೋರ್ಕಸ್ ಕುಂಬಳಕಾಯಿ ಬೇಯಿಸಿ ಬೆಣ್ಣೆ ಹಾಕಿ ತಿನ್ನುತ್ತಿದ್ದಳು. ಆಚೆ ಜೋತಮ್ ತಣ್ಣಗಾದ ಅಂಬಲಿಯನ್ನು ಚಮಚದಿಂದ ಕಡಿಯುತ್ತಿದ್ದ.

"ಘಮಘಮ ಅಂತಿದೆ," ಎಂದ ಒಂದು ದಿನ, ತಡೆಯಲಾರದೆ.

"ಹೌದು. ವಾಸನೆಗೆ ಗೆರೆ ಇಲ್ಲ, ತಗೋ," ಎಂದಳು ತಾಯಿ.

ಟ್ಯಾಮ್ಸಿನ್ ತಟ್ಟೆ ಎತ್ತಿಕೊಂಡು ಅಣ್ಣನ ಕಡೆ ಹೊರಟರೆ ಡೋರ್ಕಸ್ ಅವಳ ಮೊಣಕೈ ಹಿಡಿಯುತ್ತಿದ್ದಳು.

"ಅಮ್ಮ, ಸಾಕು. ಅವನು ನಿನ್ನ ಮಗ."

"ಅವತ್ತೂ ಮಗನೇ ಆಗಿದ್ದ."

ಒಂದು ದಿನ ಕೆಜಿಯಾಳ ಅಪ್ಪ ಬಂದ. ಒದ್ದೆ ಕೋಟು, ನೀಲಿಗಟ್ಟಿದ ಕೈ. ಅಭ್ಯಾಸದಂತೆ ನೇರ ಒಲೆಯತ್ತ ಹೆಜ್ಜೆ ಹಾಕಿದವನು ಗೆರೆ ಕಂಡು ನಿಂತ.

"ಬನ್ನಿ ಹಿರಿಯರೇ," ಎಂದಳು ಡೋರ್ಕಸ್. "ಒಲೆ ಮನೆ ಯಜಮಾನಿದು. ಬಾಗಿಲ ಹತ್ರ ಬೆಂಚಿದೆ, ಅಲ್ಲಿ ಕೂತ್ಕೊಳ್ಳಿ. ಗಾಳಿ ಚೆನ್ನಾಗಿ ಬರುತ್ತೆ. ನನಗೆ ಅಭ್ಯಾಸ ಆಗಿದೆ."

ಅವನು ಕೂರಲಿಲ್ಲ. ಮಗಳ ಕಡೆ ಒಮ್ಮೆ ನೋಡಿ ಹೊರಟುಹೋದ. ಕೆಜಿಯಾಳ ಕೆನ್ನೆ ಕೆಂಪಾಗಿತ್ತು. ಡೋರ್ಕಸಳಿಗೆ ಆ ದಿನದ ಊಟ ಬಹಳ ರುಚಿಸಿತು.

ಮರುದಿನ ಎಡೆಬಿಡದೆ ಮಳೆ. ಅಂಗಳದ ಬೆಂಕಿ ಆರಿ ಬೂದಿ ಕೊಚ್ಚಿಹೋಯಿತು. ಕೆಜಿಯಾ ತಲೆಯಿಂದ ನೀರಿಳಿಸುತ್ತ ಬಂದು ಗೆರೆಯ ಅಂಚಿನಲ್ಲಿ ನಿಂತಳು.

"ಒಂದಿಷ್ಟು ಕೆಂಡ ಕೊಡಿ ಅತ್ತೆ. ಹಿಂದಿನ ಚಪ್ಪರದಲ್ಲಿ ಹಚ್ಕೋತೀನಿ."

"ಪಾತ್ರೆ ತಾ."

ಕೆಜಿಯಾ ಹೊಸ ಪಾತ್ರೆ ತಂದು ಚಾಚಿದಳು. ಡೋರ್ಕಸ್ ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

"ಇದರ ತಳ ಸೋರುತ್ತೆ ಕಣೇ," ಎಂದು ಹಿಂತಿರುಗಿಸಿದಳು.

ಕೆಜಿಯಾ ಪಾತ್ರೆಯನ್ನು ಕಂಕುಳಿಗೆ ಸೇರಿಸಿಕೊಂಡಳು. ಅಳಲಿಲ್ಲ. "ಆಯ್ತು ಅತ್ತೆ," ಎಂದಳು. "ಇನ್ನು ಯಾವತ್ತೂ ಕೇಳಲ್ಲ."

*

ಕೇಳಬೇಕಾಗದ ಹಾಗೆ ಗಂಡಹೆಂಡತಿ ಏರ್ಪಾಡು ಮಾಡಿಕೊಂಡಿದ್ದರು. ನವೆಂಬರಿನ ಮೊದಲಲ್ಲಿ, ಊಟದ ಹೊತ್ತಿಗೆ, ಜೋತಮ್ ಗೆರೆಯಾಚೆಯಿಂದ ಗೋಡೆಗೆ ಹೇಳುವವನಂತೆ ಹೇಳಿದ:

"ಹೊಸ ಹೊಗೆಗೂಡು ಕಟ್ತೀವಿ. ಪೂರ್ವದ ಕೋಣೆ ಹಿಂದೆ, ಗುಡ್ಡದ ಬದೀಲಿ. ಹಳೇ ಗುಂಡಿ ಹೇಗೂ ಇದೆ, ಕೆಳಗಿನವರೆಗೂ ಅಗಲ ಮಾಡಿದ್ರೆ ನೆಲಮಾಳಿಗೇನೂ ಆಯ್ತು. ನೆಲ ಹೆಪ್ಪುಗಟ್ಟೋ ಮುಂಚೆ ಅಗೆದು ಮುಗಿಸ್ಬೇಕು."

ಡೋರ್ಕಸ್ ಚಮಚ ಕೆಳಗಿಟ್ಟಳು.

"ಅಲ್ಲಿ ಬೇಡ. ಬಾವಿ ಹತ್ರ ಕಟ್ಟು."

"ಬಾವಿ ಹತ್ರ ಬರೀ ಬಂಡೆ."

"ದನದ ಕೊಟ್ಟಿಗೆ ಮಗ್ಗುಲಿಗೆ ಕಟ್ಟು."

"ಯಾಕೆ, ಗುಡ್ಡಕ್ಕೇನಾಗಿದೆ?" ಎಂದಳು ಕೆಜಿಯಾ.

"ನಿಮ್ಮ ಮಾವ ಅಲ್ಲಿ ಜೋಳ ಹಾಕ್ತಿದ್ರು."

"ಹತ್ತು ದಂಟು ಜೋಳ!" ಕೆಜಿಯಾ ನಕ್ಕಳು. "ನಮ್ಮ ಪಾಲಲ್ಲಿ ನಾವು ಎಲ್ಲಿ ಬೇಕಾದ್ರೂ ಅಗೀತೀವಿ ಅತ್ತೆ. ನಿಮ್ಮ ಅಪ್ಪಣೆ ಬೇಕಾ? ಗೆರೆ ನೀವೇ ಎಳೆಸಿದ್ದು."

ಒಂದೇ ಮಾತು ಸಾಕಿತ್ತು. ಡೋರ್ಕಸ್ ಮಗನ ಮುಖ ನೋಡಿದಳು. ಅವನಿಗೆ ಒಬ್ಬ ಅಣ್ಣನಿದ್ದ ಎಂದು ಹೇಳಿಬಿಟ್ಟರೆ ಗುದ್ದಲಿ ನಿಲ್ಲುತ್ತಿತ್ತು. ಆದರೆ ಅವನಿಗೆ ಹೇಳಿದ್ದು ಕೆಜಿಯಾಳಿಗೆ ಹೇಳಿದ ಹಾಗೆ, ಕೆಜಿಯಾಳಿಗೆ ಹೇಳಿದ್ದು ಸಬ್ಬತ್ ದಿನ ಮುಂದಿನ ಬೆಂಚಿಗೆ ಹೇಳಿದ ಹಾಗೆ. ದೀಕ್ಷಾಸ್ನಾನವಿಲ್ಲದೆ ಹೋದ ಮಗು, ಪಾದ್ರಿಯಿಲ್ಲದ ಚಳಿಗಾಲ, ಸಾಲದೆ ಹೋದ ಹಾಲು — ಎಲ್ಲರ ಬಾಯಲ್ಲಿ ಹೊರಳುತ್ತವೆ. ಪಾತ್ರೆಯನ್ನು ಹಂದಿಗಿಟ್ಟ ಕೈಗೆ ಮಗುವನ್ನು ಕೊಡುವುದೇ?

ಅವಳು ಮತ್ತೆ ಚಮಚ ಎತ್ತಿಕೊಂಡಳು.

ಮರುದಿನ ಜೋತಮ್ ಇಬ್ಬರು ಆಳುಗಳೊಡನೆ ಅಗೆಯಲು ತೊಡಗಿದ. ಮೇಲ್ತುದಿಯ ಕಾಡುದ್ರಾಕ್ಷಿ ಬಳ್ಳಿಯನ್ನು ಬಿಟ್ಟು, ಅದರ ಕೆಳಗಿನಿಂದ ಶುರುಮಾಡಿ ಕೆಳಕ್ಕೆ ಬರುತ್ತಿದ್ದ. ಒಲೆಯ ಬಳಿ ಕೂತರೂ ಗುದ್ದಲಿಯ ಸದ್ದು ಕೇಳುತ್ತಿತ್ತು. ಡೋರ್ಕಸ್ ಆ ದಿನ ಏನೂ ಬೇಯಿಸಲಿಲ್ಲ. ಅದರ ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಮಣ್ಣಿನ ಅಂಚಿಗೂ ಜೋಳದ ದಂಟುಗಳಿಗೂ ನಡುವೆ ನಾಲ್ಕೈದು ಮೊಳ ಉಳಿದಿತ್ತು. ಅವಳು ಎದ್ದು, ಗೆರೆ ದಾಟಿ, ಅಂಗಳಕ್ಕೆ ಬಂದಳು. ಕೆಜಿಯಾ ಮೂರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದಳು.

"ಒಲೆ ನೀನು ತಗೋ. ಗುಡ್ಡದ ಬದಿ ನನಗೆ ಕೊಡು."

ಕೆಜಿಯಾ ತಲೆಯೆತ್ತಿದಳು. "ಏನಂದ್ರಿ?"

"ಕೇಳಿಸ್ತಲ್ಲ."

"ಪೂರ್ವದ ಕೋಣೆ?"

"ಹೂಂ. ಅದು, ಗುಡ್ಡ. ಎಲ್ನೇಥನನ್ನ ಕರೆಸ್ತೀನಿ. ಆದ್ರೆ ಈಗ, ಈ ಕ್ಷಣ, ಅಗೆಯೋದು ನಿಲ್ಲಿಸೋಕೆ ಹೇಳು."

ಕೆಜಿಯಾ ಕೈಯ ಬೂದಿಯನ್ನು ಲಂಗಕ್ಕೆ ಒರೆಸಿಕೊಂಡು ನಿಧಾನವಾಗಿ ಎದ್ದಳು. ಅವಳ ಕಣ್ಣು ಹೊಗೆಗೆ ಕೆಂಪಾಗಿತ್ತು. ತಾನು ಗೆದ್ದೆನೆಂದು ಅವಳಿಗೆ ಗೊತ್ತಾಯಿತು. ಯಾಕೆ ಗೆದ್ದೆನೆಂದು ಗೊತ್ತಾಗಲಿಲ್ಲ.

"ಮೊದಲು ನಿಮ್ಮ ಪಾತ್ರೆ ಇಳಿಸಿ."

"ಇಳಿಸ್ತೀನಿ."

"ನಿಮ್ಮ ಕೈಯಾರೆ ತಂದು ಹಂದಿ ಬೇಲಿಯೊಳಗೆ, ಎಲ್ಲಿತ್ತೋ ಅಲ್ಲೇ ಇಡಿ. ಮುಸುರೆನೂ ನೀವೇ ಹಾಕಿ. ನಾನು ನೋಡ್ಬೇಕು."

"ಅತ್ತಿಗೆ!" ಎಂದಳು ಬಾಗಿಲಲ್ಲಿ ನಿಂತಿದ್ದ ಟ್ಯಾಮ್ಸಿನ್.

"ನೀನು ಸುಮ್ಮನಿರು," ಎಂದರು ಇಬ್ಬರೂ ಒಟ್ಟಿಗೆ.

ಡೋರ್ಕಸ್ ಒಳಗೆ ಹೋದಳು. ಕೊಕ್ಕೆಯಿಂದ ಪಾತ್ರೆ ಇಳಿಸಿದಳು. ಹಿಂದಿನ ರಾತ್ರಿಯ ಕುಂಬಳಕಾಯಿ ಇನ್ನೂ ತಳದಲ್ಲಿತ್ತು. ಎರಡು ಕೈಯಲ್ಲಿ ಎದೆಗೆ ಅವಚಿಕೊಂಡು ಅಂಗಳ ದಾಟಿ, ಬೇಲಿಯೊಳಗೆ ಬಗ್ಗಿ ಇಟ್ಟಳು. ಮುಸುರೆ ಬಕೆಟ್ಟು ಎತ್ತಿ ಸುರಿದಳು. ಹಂದಿ ಅವಳ ಕೈ ಸರಿಯುವವರೆಗೂ ಕಾಯಲಿಲ್ಲ.

"ಸರೀನಾ?"

"ಸರಿ," ಎಂದಳು ಕೆಜಿಯಾ, ಮತ್ತು ಗುಡ್ಡದ ಕಡೆ ಕೂಗಿದಳು: "ಏನೂಂದ್ರೆ! ಗುದ್ದಲಿ ಕೆಳಗಿಡಿ! ಒಲೆ ನಮ್ಮದಾಯ್ತು!"

ಎಲ್ನೇಥನ್ ಬಂದು ಹಳೆಯ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸದನ್ನು ಪೂರ್ವದ ಕೋಣೆಯ ಬಾಗಿಲಿಗೆ ಎಳೆದ. ದಿನಕ್ಕೊಮ್ಮೆ ಒಲೆ ಬಳಸುವ ಹಕ್ಕೂ ಮಗನ ಮೇಜಿನಲ್ಲಿ ಊಟವೂ ಡೋರ್ಕಸಳಿಗಿರಲಿ ಎಂದ. ಹೊರಡುವಾಗ ಡೋರ್ಕಸಳ ಬಳಿ ಒಂದು ಗಳಿಗೆ ನಿಂತು, "ಈಗ ಸರಿಯಾಯ್ತು ಅಕ್ಕ," ಎಂದ. ಅಷ್ಟೇ. ಇಬ್ಬರೂ ಗುಡ್ಡದ ಕಡೆ ನೋಡಲಿಲ್ಲ.

*

ಒಲೆ ಸಿಕ್ಕಿದ ಮೊದಲ ವಾರ ಕೆಜಿಯಾ ಹಾಡಿಕೊಂಡು ಅಡುಗೆ ಮಾಡಿದಳು. ಎರಡನೆಯ ವಾರ ಹಾಡು ನಿಂತಿತು.

"ಅಲ್ಲಿ ಏನಿದೆ ಅತ್ತೆ?"

"ಎಲ್ಲಿ?"

"ಗುಡ್ಡದ ಬದೀಲಿ."

"ಮಣ್ಣು."

"ಮಣ್ಣಿಗೆ ಯಾರಾದ್ರೂ ಒಲೆ ಬಿಟ್ಟುಕೊಡ್ತಾರಾ?"

"ಒಲೇನೂ ಮಣ್ಣೇ ಅಲ್ವೇನೇ?"

ರಾತ್ರಿಯೂಟಕ್ಕೆ ಜೋತಮ್ ಬೇರೆ ದಾರಿ ಹಿಡಿದ. ಹೆಂಡತಿ ಹೇಳಿಕೊಟ್ಟದ್ದೆಂದು ಅವನ ಕಿವಿಯ ಕೆಂಪೇ ಹೇಳುತ್ತಿತ್ತು.

"ಅಮ್ಮ, ಅಪ್ಪ ಇಂಗ್ಲೆಂಡಿಂದ ಬರುವಾಗ... ಬೆಳ್ಳಿಗಿಳ್ಳಿ ಏನಾದ್ರೂ ತಂದಿದ್ನಾ?"

ಡೋರ್ಕಸಳಿಗೆ ಆಗ ಹೊಳೆಯಿತು. ಅವಳು ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ನಿಧಾನವಾಗಿ ಅಗಿದು ನುಂಗಿದಳು. ಕೆಜಿಯಾ ಸೌಟು ಹಿಡಿದ ಕೈ ಅಲ್ಲಾಡಿಸದೆ ಕಾಯುತ್ತಿದ್ದಳು.

"ನಿಮ್ಮಪ್ಪ ತಂದಿದ್ದನ್ನೆಲ್ಲ ನಿನಗೆ ಹೇಳಿಬಿಟ್ಟಿದ್ದಾನೆ ಅಂದ್ಕೊಂಡಿದ್ದೀಯಾ?" ಎಂದಳು.

ಮರುದಿನ ಸಂಜೆ ಹಸು ಕರೆದಾದ ಮೇಲೆ ಅವಳು ಸಣ್ಣ ಗುದ್ದಲಿ ಹಿಡಿದು ಗುಡ್ಡದ ಬದಿಗೆ ಹೋದಳು. ಮೇಲ್ತುದಿ, ಕಾಡುದ್ರಾಕ್ಷಿಯ ಬುಡ. ಸುತ್ತ ಒಮ್ಮೆ ನೋಡಿದಳು. ಒಂದಿಷ್ಟು ಮಣ್ಣು ಕೆದಕಿದಳು, ಬಗ್ಗಿ ನೋಡಿದಳು, ಮತ್ತೆ ಮುಚ್ಚಿ ಕಾಲಿನಿಂದ ತುಳಿದಳು. ಸ್ವಲ್ಪ ಹೊತ್ತು ಅಲ್ಲೇ ಕಲ್ಲಿನ ಮೇಲೆ ಕೂತು ಎದ್ದು ಬಂದಳು. ಅಡುಗೆಮನೆಯ ಕಿಟಕಿಯಲ್ಲಿ ಒಂದು ಮುಖ ಹಿಂದೆ ಸರಿಯಿತು. ಒಳಗೆ ಬಂದಾಗ ಬೀನ್ಸ್ ಸೀದ ವಾಸನೆ ಮೂಗಿಗೆ ಹೊಡೆಯಿತು.

ಅದಾದ ಮೇಲೆ ದಿನವೂ ಸಂಜೆ ಹೋದಳು. ದಿನವೂ ಒಲೆಯ ಮೇಲೆ ಏನಾದರೊಂದು ಸೀಯುತ್ತಿತ್ತು.

"ನನಗಾದ್ರೂ ಹೇಳು ಅಮ್ಮ," ಎಂದಳು ಟ್ಯಾಮ್ಸಿನ್, ಪೂರ್ವದ ಕೋಣೆಯ ಚಳಿಯಲ್ಲಿ ತಾಯಿಯ ಮಗ್ಗುಲಿಗೆ ಮುದುರಿಕೊಳ್ಳುತ್ತ. "ಅಲ್ಲಿ ಏನಿದೆ?"

"ನಿನಗೆ ಗೊತ್ತಾದ್ರೆ ನಿನ್ನ ಮುಖ ಆ ಕಡೆ ತಿರುಗುತ್ತೆ. ಅವಳು ನಿನ್ನ ಮುಖ ನೋಡ್ತಾಳೆ."

"ಹಾಗಾದ್ರೆ ಇದೆ."

"ಮಲಕ್ಕೋ."

ಜೋತಮ್ ಎರಡು ದಿನ ಗಿರಣಿಗೆ ಹೋಗಿದ್ದ. ಅವನು ಬರುವ ದಿನ ಬೆಳಿಗ್ಗೆ ಡೋರ್ಕಸ್ ಹೋಗಿ ನೋಡಿದಾಗ ಕಾಡುದ್ರಾಕ್ಷಿಯ ಬುಡದಲ್ಲಿ ಸೊಂಟದಾಳದ ಗುಂಡಿ ಬಿದ್ದಿತ್ತು. ಬೇರುಗಳು ಕಡಿದು ಹೋಗಿದ್ದವು. ಮಣ್ಣಿನ ಮೇಲೆ ಹೆಣ್ಣಿನ ಪಾದರಕ್ಷೆಯ ಗುರುತು, ಪಕ್ಕದಲ್ಲಿ ಮುರಿದ ಗುದ್ದಲಿ ಕಾವು. ಕೆಳಗೆ, ಒಣಗಿದ ಜೋಳದ ದಂಟುಗಳ ಕಡೆ, ಯಾರೂ ಹೆಜ್ಜೆ ಇಟ್ಟಿರಲಿಲ್ಲ.

ಊಟಕ್ಕೆ ಕೂತಾಗ ಕೆಜಿಯಾ ಎರಡು ಅಂಗೈಗೂ ಬಟ್ಟೆ ಸುತ್ತಿಕೊಂಡಿದ್ದಳು. ಸೌಟು ಹಿಡಿಯಲು ಆಗುತ್ತಿರಲಿಲ್ಲ.

"ಕೈಗೇನಾಯ್ತು?" ಎಂದ ಜೋತಮ್.

"ಬೆಣ್ಣೆ ಕಡೆದು ಬೊಬ್ಬೆ ಬಂತು."

"ಅಬ್ಬಾ," ಎಂದಳು ಡೋರ್ಕಸ್. "ಈ ಸಲದ ಬೆಣ್ಣೆ ಬಹಳ ಆಳದಲ್ಲಿತ್ತೇನೋ."

ಕೆಜಿಯಾ ಅತ್ತೆಯ ಕಣ್ಣನ್ನೇ ನೋಡಿದಳು. ಗುಂಡಿ ತೋಡಿದ್ದನ್ನು ಒಪ್ಪಿಕೊಳ್ಳದೆ ಬಯ್ಯುವ ದಾರಿ ಅವಳಿಗೆ ಕಾಣಲಿಲ್ಲ. ಡೋರ್ಕಸ್ ಸೌಟು ತೆಗೆದುಕೊಂಡು ಎಲ್ಲರಿಗೂ ತಾನೇ ಬಡಿಸಿದಳು, ಮೊದಲು ಸೊಸೆಗೆ.

ಮಧ್ಯಾಹ್ನ ಅವಳು ಗುಂಡಿ ಮುಚ್ಚಿದಳು. ಸಂಜೆ ಹಿಮದ ಮೊದಲ ಎಸಳು ಬೀಳುತ್ತಿದ್ದಾಗ ಮತ್ತೆ ಗುದ್ದಲಿ ಹಿಡಿದು ಹೊರಟಳು. ಬಳ್ಳಿಯಿಂದ ಎರಡು ಮಾರು ಆಚೆ ಒಂದು ಹೊಸ ಜಾಗ ಆರಿಸಿಕೊಂಡು, ಕೆದಕಿ, ಮುಚ್ಚಿ, ತುಳಿದು, ಕಲ್ಲಿನ ಮೇಲೆ ಕೂತಳು. ಅಡುಗೆಮನೆಯ ಕಿಟಕಿಯಲ್ಲಿ ದೀಪ ಅಲ್ಲಾಡದೆ ನಿಂತಿತ್ತು. ಬರುವ ವಸಂತದಲ್ಲಿ ಮಗುವಿನ ಆ ಕೈಯಗಲ ಜಾಗದ ಮೇಲೆ ಜೋಳ ಬಿತ್ತುವ ಹಾಗಿರಲಿಲ್ಲ. ಬಿತ್ತಿದರೆ ಕಿಟಕಿಯ ಕಣ್ಣು ಅಲ್ಲಿಗೆ ಇಳಿಯುತ್ತದೆ. ಒಲೆ ಕೊಟ್ಟು ಕೊಂಡ ಜಾಗಕ್ಕೆ ಬೆನ್ನು ಹಾಕಿ ಅವಳು ಕೂತೇ ಇದ್ದಳು. ಬೆನ್ನಿನ ಹಿಂದೆ, ಕೆಳಗೆ, ಒಣ ದಂಟುಗಳ ಮೇಲೆ ಹಿಮ ಬೀಳುವ ಸಣ್ಣ ಸದ್ದು ಕೇಳುತ್ತಿತ್ತು. ಅವಳು ತಿರುಗಲಿಲ್ಲ.